ರಿಪಲ್ ಕೌಂಟರಿನ ಸುಳ್ಳು ಸೊನ್ನೆಗಳು: ಫ್ಲಿಪ್-ಫ್ಲಾಪ್ ಕಲಿಕೆಯಲ್ಲಿ ಕಾಲದ ಲೆಕ್ಕ

ಫ್ಲಿಪ್-ಫ್ಲಾಪ್, ರಿಜಿಸ್ಟರ್, ಕೌಂಟರ್‌ಗಳನ್ನು ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಟ್ರೂತ್ ಟೇಬಲ್ ಹಿಡಿದೇ ಕಲಿಸುತ್ತೇವೆ. ಕ್ಲಾಕ್ ಬರುವ ಮೊದಲು ಏನಿತ್ತು, ಬಂದ ಮೇಲೆ ಏನಾಯಿತು ಎಂಬುದು ಅದರಲ್ಲಿದೆ. ನಡುವೆ ನಡೆದದ್ದು ಇಲ್ಲ. ಕೌಂಟರಿನ ಗುಣದೋಷಗಳು ತಿಳಿಯಬೇಕಾದರೆ ಆ ನಡುವಿನ ಹೊತ್ತನ್ನೇ ನೋಡಬೇಕೆಂಬುದು ಈ ಲೇಖನದ ವಾದ.

7493 ಐಸಿಯಲ್ಲಿರುವ ನಾಲ್ಕು ಫ್ಲಿಪ್-ಫ್ಲಾಪ್‌ಗಳನ್ನು ಸಾಲಾಗಿ ಜೋಡಿಸಿದರೆ ಅದು 0ಯಿಂದ 15ರವರೆಗೆ ಎಣಿಸುತ್ತದೆ. ಹೊರಗಿನ ಕ್ಲಾಕ್ ಮೊದಲನೆಯದಕ್ಕೆ ಮಾತ್ರ. ಉಳಿದವುಗಳಿಗೆ ಹಿಂದಿನದರ ಔಟ್‌ಪುಟ್ಟೇ ಕ್ಲಾಕ್. ಅದು 1ರಿಂದ 0ಗೆ ಇಳಿದಾಗ ಮುಂದಿನದು ಸ್ಥಿತಿ ಬದಲಿಸುತ್ತದೆ. ಒಂದೊಂದೂ 15 ನ್ಯಾನೋಸೆಕೆಂಡ್ ತಡ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಎಣಿಕೆ 7ರಿಂದ 8ಕ್ಕೆ, ಅಂದರೆ 0111ರಿಂದ 1000ಕ್ಕೆ ಹೋಗಬೇಕು. 15ನೇ ನ್ಯಾನೋಸೆಕೆಂಡಿಗೆ ಔಟ್‌ಪುಟ್ 0110, 30ಕ್ಕೆ 0100, 45ಕ್ಕೆ 0000, 60ಕ್ಕೆ 1000. 6, 4, 0 ಎಂಬ ಮೂರು ಸುಳ್ಳು ಸಂಖ್ಯೆಗಳನ್ನು ದಾಟಿಯೇ 8 ಬರುತ್ತದೆ. ಎಲ್‌ಇಡಿ ನೋಡುವ ಕಣ್ಣಿಗೆ ಇದು ಕಾಣದು.

ಈಗ ನಾಲ್ಕೂ ಔಟ್‌ಪುಟ್‌ಗಳನ್ನು ಒಂದು ನಾರ್ ಗೇಟಿಗೆ ಕೊಡಿ. ಎಣಿಕೆ ಸೊನ್ನೆಯಾದಾಗ, ಅಂದರೆ 16 ಕ್ಲಾಕಿಗೆ ಒಮ್ಮೆ, ಒಂದು ಪಲ್ಸ್ ಬರಬೇಕು. ಆದರೆ 1ರಿಂದ 2ಕ್ಕೆ, 3ರಿಂದ 4ಕ್ಕೆ, 7ರಿಂದ 8ಕ್ಕೆ ಹೋಗುವಾಗಲೂ 0000 ಬಂದು ಹೋಗುತ್ತದೆ. ಗೇಟ್ ಸಾಕಷ್ಟು ಚುರುಕಾಗಿದ್ದರೆ ಒಂದರ ಬದಲು ನಾಲ್ಕು ಪಲ್ಸ್! ಈ ಪಲ್ಸನ್ನೇ ಎಣಿಸುವ ಇನ್ನೊಂದು ಕೌಂಟರ್ ಮುಂದಿದ್ದರೆ ಅದರ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ವಿದ್ಯಾರ್ಥಿ ಟೇಬಲ್ಲನ್ನು ಎಷ್ಟು ಸಲ ತಾಳೆ ನೋಡಿದರೂ ತಪ್ಪು ಸಿಗದು, ಏಕೆಂದರೆ ಟೇಬಲ್ ಸರಿಯಾಗಿಯೇ ಇದೆ. ಆಸಿಲೋಸ್ಕೋಪ್ ಹಚ್ಚದೆ ಈ ಪ್ರಯೋಗ ಮಾಡಿಸುವುದು ಅರ್ಧ ಪಾಠವೆಂದೇ ನನ್ನ ಅಭಿಪ್ರಾಯ.

ಹಾಗೆಂದು ರಿಪಲ್ ಕೌಂಟರನ್ನು ದೂರಬೇಕಿಲ್ಲ. ಎಕಲ್ಸ್ ಮತ್ತು ಜೋರ್ಡನ್ 1918ರಲ್ಲಿ ಎರಡು ನಿರ್ವಾತ ನಳಿಕೆಗಳ ಫ್ಲಿಪ್-ಫ್ಲಾಪಿಗೆ ಪೇಟೆಂಟ್ ಅರ್ಜಿ ಹಾಕಿದರು. 1930ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ವಿನ್-ವಿಲಿಯಮ್ಸ್ ಥೈರಟ್ರಾನ್‌ಗಳಿಂದ ಎರಡೆರಡಾಗಿ ಎಣಿಸುವ ಮಂಡಲ ಕಟ್ಟಿದರು. ವಿಕಿರಣದ ಕಣಗಳು ಬರುವ ವೇಗಕ್ಕೆ ಯಾಂತ್ರಿಕ ಕೌಂಟರ್ ಸಾಲದಿದ್ದುದರಿಂದ ಪ್ರತಿ ಹಂತದಲ್ಲೂ ಪಲ್ಸ್‌ಗಳನ್ನು ಅರ್ಧಕ್ಕಿಳಿಸುವುದು ಅವರ ಉಪಾಯ. ಕ್ವಾರ್ಟ್ಜ್ ಗಡಿಯಾರದಲ್ಲಿ 32,768 ಹರ್ಟ್ಜ್ ಕಂಪನ ಇಂಥ 15 ಹಂತಗಳನ್ನು ಇಳಿದು ಸೆಕೆಂಡಿಗೊಂದು ಪಲ್ಸ್ ಆಗುವುದೂ ಹೀಗೆಯೇ. ಅಲ್ಲಿ ಬೇಕಾದದ್ದು ಕೊನೆಯ ಹಂತದ ಔಟ್‌ಪುಟ್ ಮಾತ್ರ. ಎಲ್ಲ ಬಿಟ್‌ಗಳನ್ನೂ ಒಟ್ಟಿಗೆ ಓದುವ ಪ್ರಶ್ನೆಯೇ ಬರುವುದಿಲ್ಲ. ಭಾಗಿಸಲು ತೊಂದರೆಯಿಲ್ಲ, ಓದಲು ಹೊರಟಾಗಲೇ ತೊಂದರೆ. ಪಠ್ಯಗಳು ಈ ಭೇದವನ್ನು ಒತ್ತಿ ಹೇಳಬೇಕು.

ರಿಜಿಸ್ಟರಿನ ಅಗತ್ಯವೂ ಇಲ್ಲೇ ಮನದಟ್ಟಾಗುತ್ತದೆ. 7493 ಎಣಿಸುವುದು ಕ್ಲಾಕ್ ಇಳಿಯುವಾಗ. 7474ರ ಡಿ ಫ್ಲಿಪ್-ಫ್ಲಾಪ್ ಇನ್‌ಪುಟ್ ಹಿಡಿದಿಟ್ಟುಕೊಳ್ಳುವುದು ಅದು ಏರುವಾಗ. ನಾರ್ ಗೇಟಿನ ಔಟ್‌ಪುಟ್ಟನ್ನು ಇದಕ್ಕೆ ಕೊಟ್ಟು, ಅದೇ ಕ್ಲಾಕ್ ಜೋಡಿಸಿ. 1 ಮೆಗಾಹರ್ಟ್ಜ್‌ನಲ್ಲಿ ಇಳಿತದಿಂದ ಏರಿಕೆಗೆ 500 ನ್ಯಾನೋಸೆಕೆಂಡ್ ಬಿಡುವಿರುವುದರಿಂದ ಸುಳ್ಳು ಸೊನ್ನೆಗಳು ಅಷ್ಟರಲ್ಲಿ ಮಾಯವಾಗಿ, 16 ಕ್ಲಾಕಿಗೆ ಒಂದೇ ಪಲ್ಸ್ ಉಳಿಯುತ್ತದೆ. 10 ಮೆಗಾಹರ್ಟ್ಜ್‌ಗೆ ಏರಿಸಿದರೆ ಬಿಡುವು 50 ನ್ಯಾನೋಸೆಕೆಂಡ್ ಮಾತ್ರ. 8 ಇನ್ನೂ ಬಂದಿರುವುದಿಲ್ಲ. ನಾಲ್ಕೂ ಫ್ಲಿಪ್-ಫ್ಲಾಪ್‌ಗಳಿಗೆ ಒಂದೇ ಕ್ಲಾಕ್ ಕೊಡುವ 74163 ಸಿಂಕ್ರೊನಸ್ ಕೌಂಟರನ್ನು ಪರಿಚಯಿಸಬೇಕಾದದ್ದು ಈ ಘಟ್ಟದಲ್ಲಿ.