ದಂಡಿನ ಮೈದಾನದಿಂದ ಅರೆಕೆರೆಯ ಟರ್ಫ್‌ವರೆಗೆ: ಬೆಂಗಳೂರಿನ ಬಾಲ ಫುಟ್‌ಬಾಲ್

ದಕ್ಷಿಣ ಬೆಂಗಳೂರಿನ ಅರೆಕೆರೆ, ಹುಳಿಮಾವು, ಜೆ.ಪಿ. ನಗರಗಳ ಬಡಾವಣೆಗಳಲ್ಲಿ ಶನಿವಾರ, ಭಾನುವಾರಗಳಂದು ನಡೆಯುವ ಮಕ್ಕಳ ಫುಟ್‌ಬಾಲ್ ಲೀಗ್‌ಗಳನ್ನೂ, ಆ ಲೀಗ್‌ಗಳೊಳಗೆ ಆಯ್ದ ಆಟಗಾರರಿಂದ ಕಟ್ಟುವ ಸ್ಪರ್ಧಾ ತಂಡಗಳನ್ನೂ ಹೊರನಾಡಿನಿಂದ ನೇರವಾಗಿ ಬಂದಿಳಿದ ಹೊಸ ಪದ್ಧತಿಯೆಂದು ಭಾವಿಸುವುದು ವಾಡಿಕೆ. ಆದರೆ ಎಳೆಯರನ್ನು ಗುರುತಿಸಿ, ಪಳಗಿಸಿ, ಲೀಗ್‌ನಲ್ಲಿ ಆಡಿಸುವ ಕೆಲಸ ಈ ಊರಿಗೆ ಹೊಸದಲ್ಲ. ಹೊಸದಾಗಿರುವುದು ಅದರ ಖರ್ಚನ್ನು ಭರಿಸುವವರು ಯಾರು ಎಂಬುದು ಮಾತ್ರ.

1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಳಿಸಿದ ದಂಡು ಪ್ರದೇಶವು 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ ಮೇಲೂ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಪಲ್ಟನ್ನುಗಳ ಕವಾಯತು ಮೈದಾನಗಳಲ್ಲಿ ಸೈನಿಕರು ಆಡುತ್ತಿದ್ದ ಆಟವನ್ನು ಸುತ್ತಲಿನ ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳ ದುಡಿಯುವ ಜನ ತಮ್ಮದಾಗಿಸಿಕೊಂಡರು. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ಬಹುಕಾಲ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಗಿ, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಭಾರತ ತಂಡದ, ಬಹುಪಾಲು ಬರಿಗಾಲಲ್ಲೇ ಆಡಿದ ಆಟಗಾರರ ನಡುವೆ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಕೂಡ ಮೈಸೂರು ತಂಡದವರೇ.

ಈ ಆಟಗಾರರು ಯಾವ ಅಕಾಡೆಮಿಯಲ್ಲೂ ಕಲಿತವರಲ್ಲ. ಅಹಮದ್ ಖಾನರ ಮನೆಯಲ್ಲಿ ತಂದೆ, ಅಣ್ಣತಮ್ಮಂದಿರೆಲ್ಲ ಫುಟ್‌ಬಾಲ್ ಆಡಿದವರು. ಇತರ ಹುಡುಗರಿಗೆ ಬೀದಿಯ ಕ್ಲಬ್ಬೇ ಅಂಥ ಮನೆಯಾಗಿತ್ತು. ಕ್ಲಬ್ಬೆಂದರೆ ಕಟ್ಟಡವಲ್ಲ, ಒಂದು ಮೊಹಲ್ಲಾದ ಹಿರಿಯರು ಚಂದಾ ಎತ್ತಿ ನಡೆಸುತ್ತಿದ್ದ ತಂಡ. ವಯೋಮಾನದ ವಿಂಗಡಣೆ ಅದಕ್ಕೆ ತಿಳಿದಿರಲಿಲ್ಲ, ಕಾಲು ಚುರುಕಾದ ಹುಡುಗ ಹಿರಿಯರ ನಡುವೆಯೇ ಆಡಿ, ಅವರಿಂದ ಬೈಸಿಕೊಂಡು ಕಲಿಯುತ್ತಿದ್ದ. ಅವನ ಮುಂದಿದ್ದದ್ದು ಲೀಗ್‌ನ ಡಿವಿಷನ್‌ಗಳ ಏಣಿ: ಕೆಳಗಿನ ಡಿವಿಷನ್‌ನಲ್ಲಿ ಗೆದ್ದ ಕ್ಲಬ್ ಮುಂದಿನ ವರ್ಷ ಮೇಲಿನದಕ್ಕೆ ಏರುವ, ಕಡೆಯಲ್ಲಿ ಉಳಿದದ್ದು ಇಳಿಯುವ ವ್ಯವಸ್ಥೆ. ಆ ಕಾಲವನ್ನು ನೆನೆಯುವವರು ಅದರ ಉದಾರತೆಯನ್ನು ಮಾತ್ರ ನೆನೆಯುತ್ತಾರೆ. ಗಾಯಗೊಂಡು ಆಟ ಬಿಟ್ಟ ಹುಡುಗನಿಗೆ ಅದರಲ್ಲಿ ಯಾವ ಆಸರೆಯೂ ಇರಲಿಲ್ಲವೆಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಆಸರೆ ಸಿಕ್ಕಿದ್ದು ಕಾರ್ಖಾನೆಗಳಿಂದ. 1940ರಲ್ಲಿ ಸ್ಥಾಪನೆಯಾದ ಎಚ್.ಎ.ಎಲ್., 1948ರ ಐ.ಟಿ.ಐ. ಮೊದಲಾದ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದರಿಂದ, ಗೌತಮಪುರದ ಹುಡುಗನ ಪಾಲಿಗೆ ಚೆಂಡಾಟವು ಪಿಂಚಣಿಯಿರುವ ಬದುಕಿನ ದಾರಿಯಾಯಿತು. ಬೀದಿಯ ಕ್ಲಬ್ ಪುಕ್ಕಟೆಯಾಗಿ ತಯಾರು ಮಾಡಿದ ಆಟಗಾರನಿಗೆ ಕಾರ್ಖಾನೆ ಸಂಬಳ ಕೊಡುತ್ತಿತ್ತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು 1968–69ರ ಹೊತ್ತಿಗೆ ನಾಲ್ಕು ಬಾರಿ ಗೆದ್ದದ್ದು ಈ ನೆಲೆಯ ಮೇಲೆಯೇ. ಕಾಲಕ್ರಮದಲ್ಲಿ ಕ್ರೀಡಾ ನೇಮಕಾತಿ ಬತ್ತಿತು. ನೌಕರರನ್ನೇ ಆಡಿಸುತ್ತಿದ್ದ ಎಚ್.ಎ.ಎಲ್. ತಂಡ 2012ರಲ್ಲಿ ರಾಷ್ಟ್ರೀಯ ಐ-ಲೀಗ್‌ನಿಂದ ಕೆಳಗಿಳಿದಾಗ ಆ ಯುಗವೇ ಬಹುಮಟ್ಟಿಗೆ ಮುಗಿಯಿತು. ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಎತ್ತಿದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ, ಅದೂ ರಿಯಾದ್‌ನಲ್ಲಿ.

ದಕ್ಷಿಣ ಬೆಂಗಳೂರು ಈ ಕಥೆಯ ಹೊರಗಿತ್ತು. 1948ರಲ್ಲಿ ರೂಪುಗೊಂಡ ಜಯನಗರಕ್ಕೂ ಅದರ ಪಕ್ಕದ ಬಸವನಗುಡಿಗೂ ಕ್ರಿಕೆಟ್ಟೇ ಆಟ. ಅರೆಕೆರೆಯಾದರೋ ಬನ್ನೇರುಘಟ್ಟ ರಸ್ತೆಯ ಬದಿಯ ಹಳ್ಳಿಯಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದೊಳಗೆ ಬಂತು. ಹೊಲಗಳು ನಿವೇಶನಗಳಾಗಿ, ಅಪಾರ್ಟ್‌ಮೆಂಟ್‌ಗಳಾಗಿ ಮಾರ್ಪಟ್ಟ ಇಂಥ ಕಡೆಗಳಲ್ಲಿ ದಂಡಿನ ಕವಾಯತು ಮೈದಾನಗಳಂಥ ಸಾರ್ವಜನಿಕ ಬಯಲು ಉಳಿಯಲಿಲ್ಲ. ಆದ್ದರಿಂದ ಇಲ್ಲಿ ಆಟ ಬೇರೂರಿದ್ದು ಬಲೆ ಕಟ್ಟಿ, ದೀಪ ಹಾಕಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೃತಕ ಹುಲ್ಲಿನ ಅಂಗಳದಲ್ಲಿ, ಎಂದರೆ ಟರ್ಫ್‌ನಲ್ಲಿ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದು ಮಧ್ಯಮವರ್ಗದ ಮನೆಗಳಿಗೆ ಫುಟ್‌ಬಾಲ್ ತಲುಪಿಸಿತು. ವೃತ್ತಿಪರ ಕ್ಲಬ್‌ಗಳಿಗೆ ಕಿರಿಯರ ತಂಡಗಳಿರಬೇಕೆಂಬ ಏಷ್ಯನ್ ಒಕ್ಕೂಟದ ಪರವಾನಗಿ ನಿಯಮ, 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಇವೂ ಸೇರಿ ಶುಲ್ಕ ಪಡೆದು ಕಲಿಸುವ ಅಕಾಡೆಮಿಗಳಿಗೆ ಇಂಬು ಕೊಟ್ಟವು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2018ರಲ್ಲಿ ಜಾರಿಗೆ ತಂದ ಗೋಲ್ಡನ್ ಬೇಬಿ ಲೀಗ್ ಯೋಜನೆ ಬಡಾವಣೆಯ ಮಟ್ಟದಲ್ಲಿ ಲೀಗ್ ನಡೆಸಲು ಒಂದು ಅಧಿಕೃತ ಚೌಕಟ್ಟು ಒದಗಿಸಿತು: ಸಣ್ಣ ಅಂಗಳ, ಕಡಿಮೆ ಆಟಗಾರರು, ಒಂದೇ ಸೋಲಿಗೆ ಹೊರಬೀಳುವ ನಾಕೌಟ್ ಬದಲು ತಿಂಗಳುಗಟ್ಟಲೆ ನಡೆಯುವ ಪಂದ್ಯಗಳು. ಮಗುವಿಗೆ ಚೆಂಡು ಹೆಚ್ಚು ಸಲ ಸಿಗಲಿ ಎಂಬುದೇ ಇದರ ಉದ್ದೇಶವಾಗಿತ್ತು.

ಸ್ಪರ್ಧೆ ಬಂದ ಕೂಡಲೇ ವಯಸ್ಸಿನ ಪ್ರಶ್ನೆಯೂ ಬರುತ್ತದೆ. ಒಂದು ವರ್ಷ ದೊಡ್ಡವನಾದ ಹುಡುಗ ಹದಿಮೂರರ ತಂಡದಲ್ಲಿ ಮೈಕಟ್ಟಿನಿಂದಲೇ ಗೆಲ್ಲಬಲ್ಲನಾದ್ದರಿಂದ, ರಾಷ್ಟ್ರಮಟ್ಟದಲ್ಲಿ ಜನನ ಪತ್ರದ ಜೊತೆಗೆ ಟಿಡಬ್ಲ್ಯು-3 ಎಂಬ ಪರೀಕ್ಷೆ, ಎಂದರೆ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ಬೆಳವಣಿಗೆಯನ್ನು ಅಳೆಯುವ ಕ್ರಮ, ಬಳಕೆಗೆ ಬಂದಿದೆ. ಮೊಹಲ್ಲಾ ಕ್ಲಬ್ಬಿಗೆ ಇಂಥ ಅಗತ್ಯವೇ ಇರಲಿಲ್ಲ, ಅಲ್ಲಿ ಹುಡುಗ ದೊಡ್ಡವರೆದುರೇ ಆಡಬೇಕಿತ್ತು.

ಆದರೆ ನಿಜವಾದ ಬಿಕ್ಕಟ್ಟು ಎಲುಬಿನದಲ್ಲ, ಶುಲ್ಕದ್ದು. ಎಲ್ಲ ಮಕ್ಕಳೂ ಆಡಲಿ ಎಂಬುದು ಬಡಾವಣೆಯ ಲೀಗ್‌ನ ತತ್ವ. ಚೆನ್ನಾಗಿ ಆಡುವವರೇ ಆಡಲಿ ಎಂಬುದು ಸ್ಪರ್ಧಾ ತಂಡದ್ದು. ಗೌತಮಪುರದ ಹಿರಿಯರು ಆಡುವ ಹುಡುಗರಿಂದ ಶುಲ್ಕ ಪಡೆಯದೆ ಇದ್ದುದರಿಂದ ಒಬ್ಬನನ್ನು ಹೊರಗಿಟ್ಟರೂ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ದಕ್ಷಿಣ ಬೆಂಗಳೂರಿನ ತರಬೇತುದಾರ ಟರ್ಫ್‌ನ ಬಾಡಿಗೆಯನ್ನು ಕಟ್ಟುವುದೇ ಆಯ್ಕೆಯಾಗದ ಮಕ್ಕಳ ಶುಲ್ಕದಿಂದ. ಹೀಗಾಗಿ ಅವನು ಆಯ್ಕೆ ಪಟ್ಟಿಯನ್ನು ಹಿಗ್ಗಿಸಿ, ಮೊದಲ ತಂಡದ ಕೆಳಗೆ ಇನ್ನೊಂದನ್ನು, ಅದರ ಕೆಳಗೆ ಮತ್ತೊಂದನ್ನು ಕಟ್ಟುತ್ತಾನೆ. ಲೀಗ್‌ನಲ್ಲಿ ತಂಡಗಳ ಸಂಖ್ಯೆ ಬೆಳೆಯುವುದಕ್ಕೆ ಆಟಗಾರರ ಪ್ರತಿಭೆಯಷ್ಟೇ ಈ ಲೆಕ್ಕಾಚಾರವೂ ಕಾರಣ. ಅದೇ ಬಡಾವಣೆಯ ಕಾವಲುಗಾರರ, ಮನೆಗೆಲಸದವರ ಮಕ್ಕಳು, ಎಂದರೆ ಹಳೆಯ ಕ್ಲಬ್‌ಗಳು ಯಾರ ಮೇಲೆ ನಿಂತಿದ್ದವೋ ಅಂಥ ವರ್ಗದ ಮಕ್ಕಳು, ಈ ಮೂರು ತಂಡಗಳಲ್ಲಿ ಯಾವುದರಲ್ಲೂ ಸುಲಭವಾಗಿ ಕಾಣಸಿಗುವುದಿಲ್ಲ.