ಎಂಜಿನ್ನಿನ ಬಾಗಿಲುಗಳು

ಮೋಟಾರು ಕಾರಿನ ಎಂಜಿನ್ನು ಉಸಿರಾಡುತ್ತದೆಂದರೆ ನಿಮಗೆ ಕವಿಯ ಮಾತಿನಂತೆ ತೋರಬಹುದು. ಆದರೆ ಇದು ಇದ್ದುದನ್ನು ಇದ್ದಂತೆಯೇ ಹೇಳಿದ ಮಾತು. ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರು ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಕ್ಕೆ ಎಳೆದುಕೊಳ್ಳುವುದು. ಪಿಸ್ಟನ್ನು ಮೇಲೇರುವಾಗ ಅದನ್ನು ಅಮುಕುವುದು. ಕಿಡಿ ಹಾರಿ ಅನಿಲ ಉರಿದು ಹಿಗ್ಗಿ ಪಿಸ್ಟನ್ನನ್ನು ಮತ್ತೆ ಕೆಳಕ್ಕೆ ನೂಕುವುದು. ಅದು ಮರಳಿ ಮೇಲೇರುವಾಗ ಸುಟ್ಟ ಹೊಗೆ ಹೊರಬೀಳುವುದು. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಡೆಸಿ ತೋರಿಸಿದ ಈ ನಾಲ್ಕು ಹೆಜ್ಜೆಗಳ ಕ್ರಮವೇ ಇಂದಿಗೂ ಪೆಟ್ರೋಲು ಕಾರುಗಳಲ್ಲಿ ಉಳಿದು ಬಂದಿದೆ.

ಉಸಿರು ಒಳಬರಲು ಒಂದು ಬಾಗಿಲು, ಹೊರಹೋಗಲು ಇನ್ನೊಂದು. ಈ ಬಾಗಿಲುಗಳೇ ವಾಲ್ವುಗಳು. ಅವನ್ನು ತೆರೆಯುವುದು ಕ್ಯಾಮ್ ಷಾಫ್ಟು, ಎಂದರೆ ಮೊಟ್ಟೆಯ ಆಕಾರದ ಉಬ್ಬುಗಳುಳ್ಳ ಒಂದು ಲೋಹದ ದಂಡ. ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಆ ಉಬ್ಬನ್ನು ಅರೆದು ರೂಪಿಸಿ, ದಂಡವನ್ನು ಎಂಜಿನ್ನಿಗೆ ಜೋಡಿಸಿದ ದಿನವೇ ನಿಶ್ಚಯವಾಗಿಬಿಡುವುದು. ಕಾರ್ಖಾನೆಯಲ್ಲಿ ಒಮ್ಮೆ ಬರೆದ ಹಣೆಬರಹವನ್ನು ಆಮೇಲೆ ಅಳಿಸುವಂತಿಲ್ಲ.

ಇದರಿಂದೇನು ತೊಂದರೆ ಎಂದು ನೀವು ಕೇಳಬಹುದು. ನಿಂತಲ್ಲೇ ಗುರುಗುಟ್ಟುವ ಎಂಜಿನ್ನು ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ, ಪಿಸ್ಟನ್ನಿನ ಒಂದು ಇಳಿತಕ್ಕೆ ಸೆಕೆಂಡಿನ 20ರಲ್ಲಿ ಒಂದು ಪಾಲು ಸಿಕ್ಕುವುದು. ಅದೇ ಎಂಜಿನ್ನು 6,000 ಸುತ್ತು ತಿರುಗಿದಾಗ ಸಿಕ್ಕುವುದು 200ರಲ್ಲಿ ಒಂದೇ ಪಾಲು. ಗಾಳಿಗೂ ತೂಕವುಂಟು, ರಭಸದಿಂದ ಬರುವ ಗಾಳಿ ಥಟ್ಟನೆ ನಿಲ್ಲಲಾರದು. ಜಾತ್ರೆಯ ದಿನ ರೈಲು ಡಬ್ಬಿ ತುಂಬಿದ ಮೇಲೂ ಹಿಂದಿನವರ ನೂಕಿನಿಂದ ಇನ್ನೂ ನಾಲ್ಕು ಜನ ಒಳಸೇರುವುದನ್ನು ಕಂಡಿದ್ದೀರಷ್ಟೆ? ಹಾಗೆಯೇ ವೇಗದಲ್ಲಿ ಪಿಸ್ಟನ್ನು ಮೇಲಕ್ಕೆ ತಿರುಗಿದ ಮೇಲೂ ಗಾಳಿ ಒಳನುಗ್ಗುತ್ತಲೇ ಇರುವುದು. ಆಗ ಬಾಗಿಲನ್ನು ತಡವಾಗಿ ಮುಚ್ಚಿದರೇ ಲಾಭ. ನಿಧಾನದಲ್ಲಿ ಈ ನೂಕು ಇರುವುದಿಲ್ಲ. ತಡಮಾಡಿದರೆ ಒಳಗೆ ಬಂದದ್ದೂ ಹಿಂದಕ್ಕೆ ಹೊರಟುಹೋಗುವುದು.

ಇನ್ನೊಂದು ಸಂಗತಿಯೂ ಉಂಟು. ಮುಂಬಾಗಿಲು ಹಿಂಬಾಗಿಲು ಎರಡನ್ನೂ ತೆರೆದಾಗ ಮನೆಯಲ್ಲಿ ಗಾಳಿ ಚೆನ್ನಾಗಿ ಆಡುವಂತೆ, ವೇಗದ ಎಂಜಿನ್ನಿನಲ್ಲಿ ಎರಡು ವಾಲ್ವುಗಳೂ ಕ್ಷಣಕಾಲ ಒಟ್ಟಿಗೆ ತೆರೆದಿದ್ದರೆ ಹೊರಹೋಗುವ ಹೊಗೆಯೇ ಹೊಸ ಗಾಳಿಯನ್ನು ಒಳಕ್ಕೆ ಸೆಳೆಯುವುದು. ನಿಧಾನದಲ್ಲಿ ಹೀಗೆ ಮಾಡಿದರೆ ಹೊಗೆ ಒಳದಾರಿಗೆ ನುಗ್ಗುವುದು. ಬೆಂಕಿ ಸರಿಯಾಗಿ ಹತ್ತದೆ ಎಂಜಿನ್ನು ಕುಂಟುವುದು. ಉರಿಯದ ಪೆಟ್ರೋಲು ಹಾಗೆಯೇ ಬೀದಿಯ ಗಾಳಿಗೆ ಸೇರುವುದು. ಪಂದ್ಯದ ಕಾರಿಗೆ ಹಿತವಾದ ವೇಳೆ ಪೇಟೆಯ ಕಾರಿಗೆ ಅಹಿತ. ಆದಕಾರಣ ಎಂಜಿನಿಯರು ಇವೆರಡರ ನಡುವೆ ಯಾವುದೋ ಒಂದು ವೇಳೆಯನ್ನು ಆರಿಸಿ ಸಮಾಧಾನಪಡಬೇಕಾಗಿತ್ತು.

ಆಶ್ಚರ್ಯವೆಂದರೆ, ಇದಕ್ಕಿಂತ ಬಹು ಮುಂಚೆಯೇ ಉಗಿಬಂಡಿಯವರು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಸಿಲಿಂಡರಿಗೆ ಉಗಿಯನ್ನು ಸ್ವಲ್ಪ ಮಾತ್ರ ಬಿಟ್ಟು, ಬಾಗಿಲು ಮುಚ್ಚಿ, ಅದು ತಾನಾಗಿ ಹಿಗ್ಗುವಂತೆ ಮಾಡಿದರೆ ಕಲ್ಲಿದ್ದಲು ಉಳಿಯುವುದೆಂದು ಜೇಮ್ಸ್ ವಾಟ್ 1782ರಲ್ಲಿಯೇ ಪೇಟೆಂಟು ಪಡೆದಿದ್ದನು. 1842ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲಿನ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿಯೂ, 1844ರಲ್ಲಿ ಬೆಲ್ಜಿಯಮ್ಮಿನ ವಾಲ್ಶಾರ್ಟ್ಸ್ ಎಂಬಾತನಿಂದಲೂ ಹುಟ್ಟಿದ ವಾಲ್ವು ಜೋಡಣೆಗಳಲ್ಲಿ ಡ್ರೈವರನು ಕೈಯಲ್ಲಿದ್ದ ಸನ್ನೆಯನ್ನು ಸರಿಸಿ ಬಾಗಿಲ ವೇಳೆಯನ್ನು ಬದಲಿಸಬಹುದಾಗಿತ್ತು. ಹೊರಡುವಾಗ ಉಗಿ ಹೇರಳ. ಓಟ ಹಿಡಿದ ಮೇಲೆ ಮಿತ.

ಪೆಟ್ರೋಲು ಎಂಜಿನ್ನು ಈ ಪಾಠವನ್ನು ಏಕೆ ಕಲಿಯಲಿಲ್ಲ? ಮೊದಮೊದಲಿನ ಎಂಜಿನ್ನುಗಳಲ್ಲಿ ಒಳವಾಲ್ವಿಗೆ ಕ್ಯಾಮೇ ಇರಲಿಲ್ಲ. ಪಿಸ್ಟನ್ನಿನ ಸೆಳೆತಕ್ಕೆ ಅದು ತಾನೇ ತೆರೆದುಕೊಳ್ಳುತ್ತಿತ್ತು. ವೇಗ ಹೆಚ್ಚಿದಾಗ ಅದು ಹಿಂದೆ ಬೀಳುತ್ತಿದ್ದುದರಿಂದ ಒಳವಾಲ್ವಿಗೂ ಕ್ಯಾಮು ಬಂದಿತು. 1901ರ ಮರ್ಸಿಡಿಸ್ ಕಾರಿನಲ್ಲಿ ಮೇಬಾಕ್ ಹೀಗೆಯೇ ಮಾಡಿದನು. ಕ್ಯಾಮಿನಿಂದ ವೇಗ ದೊರೆಯಿತು, ಹೊಂದಿಕೆ ಹೋಯಿತು. ಉಗಿಬಂಡಿಯ ಸಿಲಿಂಡರಿಗಿಂತ ಎಷ್ಟೋ ಪಟ್ಟು ಬೇಗ ಬಡಿದುಕೊಳ್ಳುವ ಈ ವಾಲ್ವುಗಳ ವೇಳೆಯನ್ನು ಓಟದ ನಡುವೆಯೇ ಸರಿಸುವುದು ಸುಲಭದ ಕೆಲಸವಾಗಿರಲಿಲ್ಲ. ಪೆಟ್ರೋಲು ಅಗ್ಗವಾಗಿದ್ದ ಕಾಲದಲ್ಲಿ ಅದಕ್ಕೆ ಒತ್ತಾಯವೂ ಇರಲಿಲ್ಲ.

ಒತ್ತಾಯ ಬಂದದ್ದು ಗಾಳಿಯಿಂದಲೇ. ನಗರಗಳ ಹೊಗೆಯನ್ನು ತಾಳಲಾರದೆ ಅಮೆರಿಕದ ಶಾಸನಸಭೆ 1970ರಲ್ಲಿ ಕಾರುಗಳ ಹೊಗೆಗೆ ಬಿಗಿಯಾದ ಮಿತಿಯನ್ನು ವಿಧಿಸಿತು. 1973ರಲ್ಲಿ ಎಣ್ಣೆಯ ಬೆಲೆ ಏರಿತು. ಇಟಲಿಯ ಫಿಯಟ್ ಕಂಪನಿಯ ತೊರಾಜ಼ಾ ಎಂಬ ಎಂಜಿನಿಯರು 1960ರ ದಶಕದ ಕೊನೆಯಲ್ಲಿ ಬದಲಾಗುವ ವಾಲ್ವು ವೇಳೆಯ ಉಪಾಯವೊಂದನ್ನು ರೂಪಿಸಿದ್ದನು. ಆದರೆ ಮಾರಾಟದ ಕಾರಿನಲ್ಲಿ ಇಂತಹ ಏರ್ಪಾಟು ಮೊದಲು ಕಾಣಿಸಿದ್ದು 1980ರಲ್ಲಿ, ಅಮೆರಿಕಕ್ಕೆ ಹೋಗುವ ಆಲ್ಫಾ ರೋಮಿಯೊ ಸ್ಪೈಡರಿನಲ್ಲಿ. ಅದನ್ನು ರೂಪಿಸಿದವನು ಜಾಂಪಾವೊಲೊ ಗಾರ್ಚಿಯಾ.

ಆ ಬಗೆಯ ಏರ್ಪಾಟಿನ ತಿರುಳು ಇಷ್ಟೆ: ಕ್ಯಾಮ್ ಷಾಫ್ಟಿಗೂ ಅದನ್ನು ತಿರುಗಿಸುವ ಚಕ್ರಕ್ಕೂ ನಡುವೆ ಓರೆಹಲ್ಲುಗಳುಳ್ಳ ಒಂದು ತುಂಡು ಇರುವುದು. ಅದನ್ನು ಎಣ್ಣೆಯ ಒತ್ತಡದಿಂದ ಹಿಂದುಮುಂದಕ್ಕೆ ಸರಿಸಿದರೆ, ಓರೆಹಲ್ಲುಗಳ ದೆಸೆಯಿಂದ ಷಾಫ್ಟು ಕೊಂಚ ತಿರುಗಿ ಚಕ್ರಕ್ಕಿಂತ ಮುಂದಾಗುವುದು. ಉಬ್ಬು ಅದೇ, ವೇಳೆ ಬೇರೆ. ನಿಂತಲ್ಲಿ ಶುಚಿಯಾಗಿ ಉರಿಯುವ ಎಂಜಿನ್ನು ಹೆದ್ದಾರಿಯಲ್ಲಿ ಬಲವನ್ನೂ ಕೊಡುವಂತಾಯಿತು.

1989ರಲ್ಲಿ ಜಪಾನಿನ ಹೋಂಡಾ ಇನ್ನೊಂದು ದಾರಿ ಹಿಡಿಯಿತು. ಇಂಟೆಗ್ರಾ ಕಾರಿನ ಎಂಜಿನ್ನಿನಲ್ಲಿ ಸೌಮ್ಯವಾದ ಉಬ್ಬುಗಳ ನಡುವೆ ಎತ್ತರವಾದ ಉಬ್ಬೊಂದನ್ನು ಇಟ್ಟರು. ವೇಗ ಏರಿದಾಗ ಎಣ್ಣೆಯ ಒತ್ತಡಕ್ಕೆ ಒಂದು ಸಣ್ಣ ಕೀಲು ಸರಿದು ವಾಲ್ವುಗಳನ್ನು ಎತ್ತರದ ಉಬ್ಬಿನ ಅಧೀನಕ್ಕೆ ಒಪ್ಪಿಸುವುದು. 1.6 ಲೀಟರಿನ ಎಂಜಿನ್ನು 160 ಅಶ್ವಶಕ್ತಿ ಕೊಟ್ಟಿತು, ಲೀಟರಿಗೆ ನೂರು! ಆಮೇಲಿನ ವರ್ಷಗಳಲ್ಲಿ ವೇಳೆಯನ್ನು ನಿಶ್ಚಯಿಸುವ ಹೊಣೆ ಕಂಪ್ಯೂಟರಿನದಾಯಿತು. ಸಾಮಾನ್ಯ ಕಾರುಗಳಿಗೂ ಈ ಅನುಕೂಲ ದೊರೆಯಿತು.

1997ರಲ್ಲಿ ಬಂದ ಟೊಯೋಟಾ ಪ್ರಿಯಸ್ಸಿನಲ್ಲಿ ಒಳವಾಲ್ವನ್ನು ಬೇಕೆಂದೇ ತಡವಾಗಿ ಮುಚ್ಚುತ್ತಾರೆ. ಒಳಬಂದ ಗಾಳಿಯಲ್ಲಿ ಸ್ವಲ್ಪ ಹಿಂದಿರುಗುವುದು. ಉಳಿದದ್ದು ಉರಿದು, ತಾನು ಅಮುಕಿಸಿಕೊಂಡದ್ದಕ್ಕಿಂತ ಹೆಚ್ಚು ದೂರ ಹಿಗ್ಗಿ ದುಡಿಯುವುದು. ಬಲ ಕೊಂಚ ತಗ್ಗುವುದು, ಅದನ್ನು ವಿದ್ಯುತ್ ಮೋಟಾರು ತುಂಬಿಕೊಡುವುದು, ಪೆಟ್ರೋಲು ಉಳಿಯುವುದು. ಸ್ವಲ್ಪ ಒಳಗೆ ಬಿಡು, ಪೂರ್ತಿ ಹಿಗ್ಗಗೊಡು ಎಂಬ ವಾಟನ ಮಿತವ್ಯಯವೇ ಇದಲ್ಲವೆ? ಉಗಿಯ ಕಾಲದಲ್ಲಿ ಅದು ಕಲ್ಲಿದ್ದಲ ಲೆಕ್ಕವಾಗಿತ್ತು. ನಮ್ಮ ಕಾಲದಲ್ಲಿ ಪೆಟ್ರೋಲಿನ ಲೆಕ್ಕದೊಡನೆ, ದಾರಿಬದಿಯಲ್ಲಿ ನಡೆಯುವವರು ಸೇದುವ ಗಾಳಿಯ ಲೆಕ್ಕವೂ ಅದಕ್ಕೆ ಸೇರಿದೆ.