ಹುಳಿ ಎಲೆಗೆ ಎರಡು ಹೆಸರು: ಕಾಡು ಬಿಗೋನಿಯಾದ ಕಥೆ

ನರ್ಸರಿಗೆ ಹೋದಾಗ ಕುಂಡದಲ್ಲಿ ಬಿಗೋನಿಯಾ ನೋಡಿರ್ತೀರಿ. ಎಲೆಯ ಒಂದು ಪಕ್ಕ ದೊಡ್ಡದು, ಇನ್ನೊಂದು ಪಕ್ಕ ಚಿಕ್ಕದು. ಬರೀ ಅಂದಕ್ಕೆ ಬೆಳೆಸೋ ಗಿಡ ಅನ್ಸುತ್ತೆ ಅಲ್ವಾ? ಆದರೆ ಕಾಡಿನಲ್ಲಿರೋ ಇದರ ಬಂಧುಗಳಲ್ಲಿ ಕೆಲವನ್ನು ಜನ ತಿಂತಾರೆ. ಇವತ್ತು ನಾನು ಹೇಳೋದು ನಮ್ಮ ಪಶ್ಚಿಮ ಘಟ್ಟದ ಬಿಗೋನಿಯಾ ಕಥೆ.

17ನೇ ಶತಮಾನದ ಕೊಚ್ಚಿ. ಮಲಬಾರಿನ ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡೆ ಅಲ್ಲಿನ ಗಿಡಮರಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಮಾಡಿಸಲು ಹೊರಟರು. ಅದೇ ‘ಹಾರ್ಟಸ್ ಮಲಬಾರಿಕಸ್’. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ 12 ಸಂಪುಟಗಳು. ಗಿಡಗಳ ಹೆಸರು, ಗುಣ ತಿಳಿಸಿದವರು ಇಲ್ಲಿಯವರೇ: ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಿನ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಈ ವೈದ್ಯರ ಹೇಳಿಕೆಗಳು ಅವರದೇ ಲಿಪಿಯಲ್ಲಿ ಮೊದಲ ಸಂಪುಟದಲ್ಲಿವೆ.

1689ರ 9ನೇ ಸಂಪುಟದಲ್ಲಿ ನಮ್ಮ ಗಿಡ ಸಿಗುತ್ತೆ. ಹೆಸರು ‘ಚೆರಿಯ ನರಿನಂಪುಳಿ’. ಚೆರಿಯ ಅಂದ್ರೆ ಚಿಕ್ಕದು. ಪುಳಿ ಅಂದ್ರೆ ಹುಳಿ. ಹಳಗನ್ನಡದ ‘ಪಾಲ್’ ಹಾಲಾದ ಹಾಗೆ ‘ಪುಳಿ’ ನಮ್ಮಲ್ಲಿ ಹುಳಿ ಆಯ್ತು. ಪುಳಿಯೋಗರೆಯಲ್ಲಿ ಅದು ಹಾಗೇ ಉಳ್ಕೊಂಡಿದೆ. ಹೆಸರು ಕೇಳಿದ್ರೇ ಸಾಕು, ನಾಲಿಗೆಗೆ ಗೊತ್ತಾಗುತ್ತೆ.

1700ರಲ್ಲಿ ಯುರೋಪಿನ ಪುಸ್ತಕಗಳಿಗೆ ‘ಬಿಗೋನಿಯಾ’ ಅನ್ನೋ ಹೆಸರು ಬಂತು. ಅದು ಸಸ್ಯಶಾಸ್ತ್ರಜ್ಞ ಷಾರ್ಲ್ ಪ್ಲುಮಿಯೆ, ಫ್ರೆಂಚ್ ಅಧಿಕಾರಿ ಮಿಶೆಲ್ ಬೆಗಾನ್ ಅವರ ಗೌರವಕ್ಕೆ ಇಟ್ಟಿದ್ದು. 1785ರಲ್ಲಿ ಲಾಮಾರ್ಕ್ ನಮ್ಮ ಗಿಡವನ್ನು ‘ಬಿಗೋನಿಯಾ ಮಲಬಾರಿಕಾ’ ಅಂತ ಕರೆದರು. ಊರಿನ ಹೆಸರು ಉಳೀತು, ರುಚಿಯ ಹೆಸರು ಹೋಯ್ತು. ಹೆಸರಿನ ಜೊತೆ ‘ಇದು ತಿನ್ನೋ ಸೊಪ್ಪು’ ಅನ್ನೋ ಸುಳಿವೂ ಹೋಯ್ತು ಅನ್ನೋದು ನನ್ನ ಬೇಸರ.

ಆದರೆ ಮಿಜೋರಾಂನಲ್ಲಿ ಆ ಸುಳಿವು ಇನ್ನೂ ಜೀವಂತ. ಅಲ್ಲಿ ಒಂದು ಬಿಗೋನಿಯಾಗೆ ‘ಸೆಖುಪ್‌ಥುರ್’ ಅಂತಾರೆ. ಥುರ್ ಅಂದ್ರೂ ಹುಳಿನೇ!

ಈ ಹುಳಿಗೆ ಕಾರಣ ಆಕ್ಸಾಲಿಕ್ ಆಮ್ಲ. ಹುಣಸೆ ಇಲ್ಲದ ಕಡೆ ಸಾರಿಗೆ, ಚಟ್ನಿಗೆ ಇಂಥ ಎಲೆ, ದಂಟು ಸಾಕು. ಇದೇ ಆಮ್ಲ ಲೋಹದ ಕಿಲುಬನ್ನೂ ಬಿಡಿಸುತ್ತೆ. ಆದರೆ ಜಾಸ್ತಿ ತಿಂದ್ರೆ ಕಿಡ್ನಿಗೆ ಕಷ್ಟ. ಕಲ್ಲಿನ ತೊಂದರೆ ಇರೋರು ದೂರ ಇರೋದೇ ಒಳ್ಳೇದು. ಹಾಗೇ, ಔಷಧಿ ಹೊಡೆದ ನರ್ಸರಿ ಗಿಡದ ಎಲೆಯನ್ನಂತೂ ಬಾಯಿಗೆ ಹಾಕ್ಬೇಡಿ.

ನಿಮ್ಮ ಊರಲ್ಲಿ ಹುಳಿ ಸೊಪ್ಪು ಯಾವುದಿದೆ? ಅಜ್ಜಿ ಹತ್ರ ಅದರ ಹೆಸರು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಇಟ್ಟಿ ಅಚ್ಯುತನ್ ಹೇಳಿದ್ದನ್ನು ಯಾರೋ ಬರ್ಕೊಂಡಿದ್ದಕ್ಕೇ ಈ ಕಥೆ ನಮಗೆ ಸಿಕ್ಕಿದ್ದು.